ದಣಿವು ಅಳೆಯುವ ಉಂಗುರ, ಗಡಿಯಾರ: ಯಾವ ಅಂಕಿ ನಂಬಬೇಕು, ಯಾವುದನ್ನು ಬಿಡಬೇಕು

ಬೆಳಿಗ್ಗೆ ಕಣ್ಣು ಬಿಟ್ಟು ಫೋನ್ ತೆರೆದರೆ ಒಂದು ಅಂಕಿ ಕಾದಿರುತ್ತದೆ. 86 ಇದ್ದರೆ ಇವತ್ತು ಮೈಮುರಿದು ದುಡಿಯಬಹುದು, 52 ಇದ್ದರೆ ನಿಧಾನ. ಔರಾ ಉಂಗುರ ಇದಕ್ಕೆ ‘ರೆಡಿನೆಸ್’ ಎನ್ನುತ್ತದೆ, ವೂಪ್ ಪಟ್ಟಿ ‘ರಿಕವರಿ’ ಎನ್ನುತ್ತದೆ, ಗಾರ್ಮಿನ್ ಗಡಿಯಾರ ‘ಬಾಡಿ ಬ್ಯಾಟರಿ’ ಎನ್ನುತ್ತದೆ. ಹೆಸರು ಬೇರೆಯಾದರೂ ಮಾರಾಟಕ್ಕಿಟ್ಟಿರುವ ಭರವಸೆ ಒಂದೇ: ಎಷ್ಟು ದುಡಿಯಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ನಿಮ್ಮ ಮೈಯನ್ನೇ ಕೇಳಿ ಹೇಳುತ್ತೇವೆ ಎಂಬುದು.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ದಿನದಿನದ ಸಲಹೆಗಾರನಾಗಿ ಈ ಸಾಧನಗಳು ಅಷ್ಟಕ್ಕಷ್ಟೆ. ವಾರ, ತಿಂಗಳು, ವರ್ಷಗಳ ಲೆಕ್ಕದ ಪುಸ್ತಕವಾಗಿ ಬಹಳ ಚೆನ್ನಾಗಿವೆ. ಏಕೆಂದರೆ ಇವು ನಿಮ್ಮನ್ನು ಹೋಲಿಸುವುದು ನಿಮ್ಮದೇ ಹಿಂದಿನ ಕೆಲವು ವಾರಗಳ ಜೊತೆ. ಬದುಕು ಒಂದೇ ಹದದಲ್ಲಿ ಸಾಗುವಾಗ ಆ ಹೋಲಿಕೆ ಸರಿಯಾಗಿಯೇ ಇರುತ್ತದೆ. ಮಗು ಹುಟ್ಟಿತು, ರಾತ್ರಿ ಪಾಳಿ ಬಿತ್ತು, ಮುಟ್ಟು ನಿಲ್ಲುವ ಕಾಲ ಬಂತು, ನಿವೃತ್ತಿಯಾಯಿತು ಎಂದಾಗ ಅಳತೆಗೋಲೇ ಜಾರುತ್ತದೆ. ಕೊಳ್ಳುವ ಮುಂಚೆ ತಿಳಿದಿರಬೇಕಾದ್ದು ಇದು. ಪೆಟ್ಟಿಗೆಯ ಮೇಲೆ ಹುಡುಕಿದರೆ ಸಿಗುವುದಿಲ್ಲ.

ಒಳಗೆ ನಡೆಯುವುದೇನು ಎಂದು ನೋಡೋಣ. ಸಾಧನದ ಒಳಮೈಯಲ್ಲಿರುವ ಪುಟ್ಟ ದೀಪಗಳು ಚರ್ಮದೊಳಕ್ಕೆ ಬೆಳಕು ಬಿಡುತ್ತವೆ. ಗಡಿಯಾರಗಳಲ್ಲಿ ಹೆಚ್ಚಾಗಿ ಹಸಿರು ಬೆಳಕು, ಉಂಗುರಗಳಲ್ಲಿ ಅದರ ಜೊತೆಗೆ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು. ಪ್ರತಿ ಬಡಿತಕ್ಕೂ ರಕ್ತನಾಳ ತುಂಬಿ ಇಳಿಯುವಾಗ ಮರಳಿ ಬರುವ ಬೆಳಕು ಹೆಚ್ಚುಕಡಿಮೆಯಾಗುತ್ತದೆ. ಅದರಿಂದ ಬಡಿತದ ಲೆಕ್ಕ. ಆದರೆ ವಿಶ್ರಾಂತಿಯ ಗುಟ್ಟು ಇರುವುದು ಬಡಿತಗಳ ನಡುವಿನ ಅಂತರದಲ್ಲಿ. ನಿಮಿಷಕ್ಕೆ 60 ಬಡಿತ ಎಂದರೆ ಸರಿಯಾಗಿ 1000 ಮಿಲಿಸೆಕೆಂಡಿಗೊಂದು ಎಂದಲ್ಲ. ಒಂದು ಅಂತರ 960, ಮುಂದಿನದು 1030, ಅದರ ಮುಂದಿನದು 985 ಹೀಗೆ ತೂಗಾಡುತ್ತದೆ. ಉಸಿರು ಎಳೆದುಕೊಂಡಾಗ ಹೃದಯ ಸ್ವಲ್ಪ ಚುರುಕು, ಬಿಟ್ಟಾಗ ಸ್ವಲ್ಪ ನಿಧಾನ. ಮೈ ದಣಿವಾರಿಸಿಕೊಂಡಿದ್ದಾಗ ಈ ತೂಗಾಟ ಹೆಚ್ಚು. ಜ್ವರ, ಮದ್ಯ, ಮಲಗುವ ಹೊತ್ತಿಗೆ ತಿಂದ ಭಾರಿ ಊಟ, ಹಿಂದಿನ ದಿನದ ಕಠಿಣ ವ್ಯಾಯಾಮ ಇದನ್ನು ತಗ್ಗಿಸುತ್ತವೆ. ಇದೇ ಎಚ್‌ಆರ್‌ವಿ, ಅಂದರೆ ಬಡಿತದ ಅಂತರದ ಏರಿಳಿತ. ಇದಕ್ಕೆ ನಿದ್ದೆಯ ಹೊತ್ತಿನ ಹೃದಯ ಬಡಿತ, ನಿದ್ದೆಯ ಗಂಟೆ, ಉಸಿರಾಟದ ವೇಗ, ಕೆಲವಲ್ಲಿ ಚರ್ಮದ ಉಷ್ಣಾಂಶ ಸೇರಿಸಿ ಒಂದು ಅಂಕಿ ಬೇಯಿಸುತ್ತಾರೆ. ಯಾವುದಕ್ಕೆ ಎಷ್ಟು ತೂಕ ಎಂಬುದು ಕಂಪನಿಯ ಗುಟ್ಟು.

ಒಂದು ಸಾಧನದ ಎಚ್‌ಆರ್‌ವಿಯನ್ನು ಇನ್ನೊಂದರ ಜೊತೆ ಹೋಲಿಸುವಂತಿಲ್ಲ. ಔರಾ, ವೂಪ್, ಗಾರ್ಮಿನ್ ಬಳಸುವುದು ಒಂದು ಅಂತರಕ್ಕೂ ಅದರ ಮುಂದಿನದಕ್ಕೂ ಇರುವ ವ್ಯತ್ಯಾಸ ನೋಡುವ ಆರ್‌ಎಂಎಸ್‌ಎಸ್‌ಡಿ ಎಂಬ ಲೆಕ್ಕ. ಆಪಲ್ ವಾಚ್ ತೋರಿಸುವುದು ಎಲ್ಲ ಅಂತರಗಳೂ ಸರಾಸರಿಯಿಂದ ಎಷ್ಟು ಚದುರಿವೆ ಎಂದು ನೋಡುವ ಎಸ್‌ಡಿಎನ್‌ಎನ್ ಎಂಬ ಬೇರೆಯದೇ ಲೆಕ್ಕ. ಒಬ್ಬರಿಂದ ಇನ್ನೊಬ್ಬರಿಗಂತೂ ಹೋಲಿಕೆ ಬೇಡವೇ ಬೇಡ. ಇಪ್ಪತ್ತೈದರ ಒಬ್ಬರಿಗೆ 80 ಮಿಲಿಸೆಕೆಂಡ್, ಅರವತ್ತರ ಇನ್ನೊಬ್ಬರಿಗೆ 25 ಇದ್ದು ಇಬ್ಬರೂ ಗಟ್ಟಿಮುಟ್ಟಾಗಿರಬಹುದು. ವಯಸ್ಸಾದಂತೆ ಇದು ಇಳಿಯುವುದು ಸಹಜ.

ಅಂಕಿಯ ರೂಪದಲ್ಲಿ ಒಂದೊಂದು ಕಂಪನಿಯದು ಒಂದೊಂದು ದಾರಿ. ವೂಪ್ ನೂರಕ್ಕೆ 67 ಮತ್ತು ಮೇಲಿದ್ದರೆ ಹಸಿರು, 34ರಿಂದ 66 ಹಳದಿ, ಅದಕ್ಕೂ ಕೆಳಗೆ ಕೆಂಪು ತೋರಿಸುತ್ತದೆ. ಔರಾದಲ್ಲಿ 85 ದಾಟಿದರೆ ಅತ್ಯುತ್ತಮ, 70 ದಾಟಿದರೆ ಪರವಾಗಿಲ್ಲ. ಬಾಡಿ ಬ್ಯಾಟರಿ 5ರಿಂದ 100ರ ನಡುವೆ ಓಡಾಡುತ್ತದೆ. ನಿದ್ದೆಯಲ್ಲಿ ತುಂಬುತ್ತದೆ, ಹಗಲಿನಲ್ಲಿ ಇಳಿಯುತ್ತದೆ. ಕ್ರೀಡೆಯ ಗೊಡವೆಯಿಲ್ಲದವರಿಗೆ ತಟ್ಟನೆ ಅರ್ಥವಾಗುವುದು ಇದೇ, ಏಕೆಂದರೆ ಮಧ್ಯಾಹ್ನದ ಸಭೆ ಎಷ್ಟು ಹೀರಿತು, ಅರ್ಧ ಗಂಟೆ ಕಣ್ಣು ಮುಚ್ಚಿದ್ದು ಎಷ್ಟು ಮರಳಿಸಿತು ಎಂಬುದು ಅವತ್ತೇ ಕಾಣುತ್ತದೆ. ಆಪಲ್ 2024ರಲ್ಲಿ ತನ್ನ ಗಡಿಯಾರದ ತಂತ್ರಾಂಶ ವಾಚ್‌ಓಎಸ್ 11ರ ಜೊತೆ ತಂದ ‘ವೈಟಲ್ಸ್’ ಆ್ಯಪ್ ಎಲ್ಲವನ್ನೂ ಸೇರಿಸಿ ಒಂದು ಅಂಕ ಕೊಡುವುದಿಲ್ಲ. ಏಳು ರಾತ್ರಿ ನೋಡಿಕೊಂಡು, ಆಮೇಲೆ ಯಾವ ಅಳತೆ ಮಾಮೂಲಿ ಮಿತಿಯಿಂದ ಹೊರಗೆ ಬಿದ್ದಿದೆ ಎಂದಷ್ಟೇ ಹೇಳುತ್ತದೆ. ಮಾತು ಕಡಿಮೆ, ಹಾಗಾಗಿ ತಪ್ಪೂ ಕಡಿಮೆ. ಬದುಕಿನ ಹದ ಬದಲಾಗುತ್ತಿರುವವರಿಗೆ ಈ ಮಿತಭಾಷೆಯೇ ಲೇಸು.

ಇನ್ನು ಜಾರುವ ಅಳತೆಗೋಲಿನ ಮಾತು. ಔರಾದ ರೆಡಿನೆಸ್‌ನಲ್ಲಿ ಎಚ್‌ಆರ್‌ವಿಯ ಪಾಲು ಲೆಕ್ಕ ಹಾಕುವಾಗ ಇತ್ತೀಚಿನ ಎರಡು ವಾರಗಳನ್ನು ಹಿಂದಿನ ಮೂರು ತಿಂಗಳ ಸರಾಸರಿಗೆ ಹೋಲಿಸುತ್ತಾರೆ. ಗಾರ್ಮಿನ್‌ಗೆ ಎಚ್‌ಆರ್‌ವಿ ಸ್ಥಿತಿ ಹೇಳಲು ಸುಮಾರು ಮೂರು ವಾರದ ರಾತ್ರಿಗಳು ಬೇಕು. ಈಗ ಹೀಗೆ ಯೋಚಿಸಿ: ನಿಮ್ಮ ಸರಾಸರಿ 48 ಇತ್ತು. ಮನೆಯಲ್ಲಿ ಒಬ್ಬರ ಆರೈಕೆಯ ಹೊಣೆ ಬಿತ್ತು, ನಿದ್ದೆ ಏಳು ಗಂಟೆಯಿಂದ ಐದೂವರೆಗೆ ಇಳಿಯಿತು, ಎಚ್‌ಆರ್‌ವಿ 38ಕ್ಕೆ ಬಂತು. ಮೊದಲ ಎರಡು ಮೂರು ವಾರ ಸಾಧನ ಬೊಬ್ಬೆ ಹಾಕುತ್ತದೆ. ತಿಂಗಳು ಕಳೆದಂತೆ ಸರಾಸರಿಯೇ 44, 41 ಎಂದು ಇಳಿಯುತ್ತ ಬರುತ್ತದೆ. ಮೂರು ತಿಂಗಳಾಗುವ ಹೊತ್ತಿಗೆ 38 ಎಂಬುದೇ ನಿಮ್ಮ ‘ಮಾಮೂಲಿ’. ಅಂಕಿ ಹಸಿರಾಗುತ್ತದೆ. ಮೈ ಚೇತರಿಸಿಕೊಂಡಿಲ್ಲ, ಗಜಕಡ್ಡಿ ಗಿಡ್ಡವಾಗಿದೆ. ನಿತ್ಯದ ದಣಿವಿಗೆ ಮನುಷ್ಯರು ಒಗ್ಗಿಕೊಳ್ಳುವುದೂ ಹೀಗೆಯೇ. ಯಂತ್ರ ಇಲ್ಲಿ ನಮ್ಮ ದೌರ್ಬಲ್ಯವನ್ನೇ ನಕಲು ಮಾಡುತ್ತದೆ.

ಇದಕ್ಕೆ ಮದ್ದು ಒಂದು ಕಾಗದ. ಬದುಕು ಒಂದು ಹದದಲ್ಲಿದ್ದಾಗ, ಜ್ವರ, ಪ್ರಯಾಣ ಇಲ್ಲದ 28 ರಾತ್ರಿಗಳನ್ನು ಆರಿಸಿಕೊಂಡು ಆ್ಯಪ್‌ನ ತಿಂಗಳ ನೋಟದಿಂದ ಮೂರು ಸರಾಸರಿ ಬರೆದಿಡಿ: ರಾತ್ರಿಯ ಹೃದಯ ಬಡಿತ, ಎಚ್‌ಆರ್‌ವಿ, ನಿದ್ದೆಯ ಗಂಟೆ. ದಿನಾಂಕ, ಸಾಧನದ ಮಾದರಿ, ಆಗಿನ ಕೆಲಸದ ಹೊತ್ತು ಕೂಡ ಸೇರಿಸಿ. 28 ಏಕೆಂದರೆ ಅದರಲ್ಲಿ ನಾಲ್ಕು ಪೂರ್ಣ ವಾರಗಳು ಬರುತ್ತವೆ, ರಜಾದಿನಗಳ ಪಾಲು ಸಮನಾಗಿರುತ್ತದೆ; ಮುಟ್ಟಾಗುವವರಿಗೆ ಹೆಚ್ಚುಕಡಿಮೆ ಒಂದು ಚಕ್ರವೂ ಅದರಲ್ಲಿ ಅಡಗುತ್ತದೆ. ಮುಂದೆ ಯಾವ ಕಾಲ ಬಂದರೂ ಹೋಲಿಕೆ ಈ ಕಾಗದದ ಜೊತೆ. ರಾತ್ರಿಯ ಬಡಿತ ಇದಕ್ಕಿಂತ ಐದು ಹೆಚ್ಚಾಗಿ ವಾರಪೂರ್ತಿ ಅಲ್ಲೇ ನಿಂತರೆ ಕೆಲಸದ ಹೊರೆ ಇಳಿಸುವ ಯೋಚನೆ ಮಾಡಬೇಕು. ಒಂದು ರಾತ್ರಿ ಹೆಚ್ಚಾಯಿತೆಂದು ಏನೂ ಮಾಡಬೇಕಿಲ್ಲ. ಕಾಗದವನ್ನು ವರ್ಷಕ್ಕೊಮ್ಮೆ ಅದೇ ತಿಂಗಳಲ್ಲಿ ಹೊಸದಾಗಿ ಬರೆಯಿರಿ, ಬೇಸಿಗೆಯ ಅಂಕಿಯನ್ನು ಚಳಿಗಾಲದ ಅಂಕಿಗೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಹವಾಮಾನದ ಪಾಲು ಸಣ್ಣದಲ್ಲ. ಸೆಕೆಯಲ್ಲಿ ಮೈ ತಂಪಾಗಲು ಚರ್ಮಕ್ಕೆ ಹೆಚ್ಚು ರಕ್ತ ಹರಿಯಬೇಕು, ಬಡಿತ ಏರುತ್ತದೆ, ಅಂಕ ಬೀಳುತ್ತದೆ. ಹೊಸ ಸೆಕೆಗೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು. ಆ ಹದಿನೈದು ದಿನ ಅಂಕಿಯ ಕಡೆ ನೋಡದಿದ್ದರೆ ನಷ್ಟವಿಲ್ಲ. ಚಳಿಯಲ್ಲಿ ತೊಂದರೆ ಬೇರೆ: ಬೆರಳಿನ ರಕ್ತನಾಳ ಕುಗ್ಗುತ್ತದೆ, ಬೆಳಕಿನ ಸಂಕೇತ ಮಂಕಾಗುತ್ತದೆ, ರಾತ್ರಿಯ ನಕ್ಷೆಯಲ್ಲಿ ಅಲ್ಲಲ್ಲಿ ಖಾಲಿ ಜಾಗ ಬೀಳುತ್ತದೆ.

ಇದೇ ಕಾರಣಕ್ಕೆ ಉಂಗುರದ ಅಳತೆ ತೆಗೆದುಕೊಳ್ಳುವಾಗ ಅವಸರ ಮಾಡಬಾರದು. ಕಂಪನಿ ಕಳಿಸುವ ಪ್ಲಾಸ್ಟಿಕ್ ಮಾದರಿ ಉಂಗುರವನ್ನು ಕನಿಷ್ಠ 24 ಗಂಟೆ ಹಾಕಿಕೊಂಡಿರಿ, ಅದನ್ನೇ ಹಾಕಿಕೊಂಡು ಮಲಗಿ. ಬೆರಳು ಬೆಳಿಗ್ಗೆ ಒಂದು ದಪ್ಪ, ಸಂಜೆ ಒಂದು ದಪ್ಪ; ಬಿಸಿಲಿಗೆ ಊದುತ್ತದೆ, ಚಳಿಗೆ ಕುಗ್ಗುತ್ತದೆ. ಗೆಣ್ಣಿನ ಮೇಲೆ ತುಸು ತಡೆದು ದಾಟಬೇಕು, ಕೂತ ಮೇಲೆ ತನ್ನಷ್ಟಕ್ಕೆ ತಿರುಗಬಾರದು. ಸೆನ್ಸರ್ ಇರುವ ಭಾಗ ಅಂಗೈ ಕಡೆಗೆ ಇರಬೇಕು. ರಾತ್ರಿ ತಿರುಗಿ ಬೆರಳಿನ ಮೇಲ್ಭಾಗಕ್ಕೆ ಬಂದರೆ ಅಳತೆ ಕೆಡುತ್ತದೆ. ತೋರುಬೆರಳು ಅಥವಾ ನಡುಬೆರಳು ಸೂಕ್ತ. ಕಬ್ಬಿಣದ ಡಂಬೆಲ್, ಪಾತ್ರೆ ಉಜ್ಜುವ ನಾರು ಇವೆರಡೂ ಉಂಗುರದ ಮೇಲ್ಮೈಗೆ ಶತ್ರು. ಗಡಿಯಾರವಾದರೆ ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳಗಲ ಮೇಲೆ, ಕೈ ಕೊಡವಿದರೆ ಅಲುಗದಷ್ಟು ಬಿಗಿಯಾಗಿ. ಹಚ್ಚೆಯ ಶಾಯಿಯ ಮೇಲೆ ಕಟ್ಟಿದರೆ ಬೆಳಕು ಒಳಗೆ ಹೋಗುವುದೇ ಕಷ್ಟ. ಎರಡಕ್ಕೂ ಸಾಮಾನ್ಯವಾದ ಕಾಟ ತುರಿಕೆ. ಬಹುಪಾಲು ಅದು ಅಲರ್ಜಿಯಲ್ಲ, ಒಳಗೆ ಉಳಿದ ಸೋಪು ಮತ್ತು ತೇವ. ಸ್ನಾನದ ನಂತರ ತೆಗೆದು ಒರೆಸಿ, ಬೆರಳೂ ಒಣಗಿದ ಮೇಲೆ ಹಾಕಿಕೊಂಡರೆ ಸಾಮಾನ್ಯವಾಗಿ ವಾರದಲ್ಲಿ ಹೋಗುತ್ತದೆ.

ನಿದ್ದೆಯ ಅಳತೆಯನ್ನು ಹೇಗೆ ಓದಬೇಕು? ಪ್ರಯೋಗಾಲಯದಲ್ಲಿ ತಲೆಗೆ ತಂತಿ ಅಂಟಿಸಿ ಮಿದುಳಿನ ಅಲೆ ನೋಡುವ ಪರೀಕ್ಷೆಯೇ ಇಲ್ಲಿ ಮಾನದಂಡ. ಉಂಗುರ, ಗಡಿಯಾರಗಳು ನೋಡುವುದು ಹೆಚ್ಚಾಗಿ ಅಲುಗಾಟ ಮತ್ತು ಬಡಿತ. ನಿದ್ದೆ ಬಂದದ್ದನ್ನು ಚೆನ್ನಾಗಿ ಹಿಡಿಯುತ್ತವೆ. ಅಲುಗದೆ ಮಲಗಿ ಸೂರು ನೋಡುತ್ತಿರುವುದನ್ನು ಹಿಡಿಯುವುದರಲ್ಲಿ ಸೋಲುತ್ತವೆ. ಆದ್ದರಿಂದ ಒಟ್ಟು ಗಂಟೆಯ ಲೆಕ್ಕ ತುಸು ಉದಾರವಾಗಿಯೇ ಇರುತ್ತದೆ. ಗಾಢ ನಿದ್ದೆ 48 ನಿಮಿಷ, ಕನಸಿನ ನಿದ್ದೆ 92 ನಿಮಿಷ ಎಂಬ ಬಣ್ಣದ ಪಟ್ಟಿಗಳು ಅಂದಾಜು. ಅವುಗಳ ಮೇಲೆ ಚಿಂತೆ ಕಟ್ಟಬೇಡಿ. ಮಲಗಿದ ಮತ್ತು ಎದ್ದ ಹೊತ್ತು ದಿನಕ್ಕೆ ಎಷ್ಟು ಜಾರುತ್ತಿದೆ ಎಂಬ ಲೆಕ್ಕ ಮಾತ್ರ ನಿಜಕ್ಕೂ ಉಪಯೋಗದ್ದು. ವಾರದ ದಿನಗಳಿಗೂ ರಜೆಗೂ ನಡುವೆ ಎರಡು ಗಂಟೆ ಅಂತರವಿದ್ದರೆ ಸೋಮವಾರದ ಮಂಕಿಗೆ ಬೇರೆ ಕಾರಣ ಹುಡುಕಬೇಕಿಲ್ಲ.

ಈ ಸಾಧನಗಳು ಎಲ್ಲಕ್ಕಿಂತ ಹೆಚ್ಚು ಎಡವುವುದು ಹಸುಗೂಸಿನ ಮನೆಯಲ್ಲಿ. ಎರಡು ಮೂರು ಗಂಟೆಗೊಮ್ಮೆ ಏಳುವ ಕೂಸಿನ ಜೊತೆ ನಿದ್ದೆ ತುಂಡು ತುಂಡಾಗುತ್ತದೆ. ಸಾಧನ ಅವುಗಳಲ್ಲಿ ಉದ್ದದ ತುಂಡನ್ನು ‘ರಾತ್ರಿ’ ಎಂದು ಹಿಡಿದು ಉಳಿದದ್ದನ್ನು ಜೊಂಪು ಎನ್ನಬಹುದು, ಇಲ್ಲವೇ ಕೈಬಿಡಬಹುದು. ಕತ್ತಲಲ್ಲಿ ಅಲುಗದೆ ಕುಳಿತು ಹಾಲೂಡಿಸಿದ್ದನ್ನು ನಿದ್ದೆಗೆ ಸೇರಿಸಿಬಿಡುವುದೂ ಉಂಟು. ಬೆಳಿಗ್ಗೆ ‘ನಿಮ್ಮ ನಿದ್ದೆ ಸಾಲದು, ಇಂದು ಬೇಗ ಮಲಗಿ’ ಎಂಬ ಸಂದೇಶ ಬರುತ್ತದೆ. ಗೊತ್ತಿದ್ದದ್ದನ್ನೇ ಹೇಳುವ ನೆಂಟರಂತೆ. ಈ ಕಾಲಕ್ಕೆ ಮಾಡಬೇಕಾದ್ದು: ಬೆಳಗಿನ ಸಂದೇಶ ನಿಲ್ಲಿಸಿ, ಔರಾದಲ್ಲಿ ವಿಶ್ರಾಂತಿಯ ‘ರೆಸ್ಟ್ ಮೋಡ್’ ಹಾಕಿ, ಆಪಲ್ ವಾಚ್ ಆದರೆ ದಿನದ ಚಟುವಟಿಕೆಯ ಗುರಿ ತೋರಿಸುವ ಪರದೆಯ ಮೇಲಿನ ಉಂಗುರಗಳನ್ನು ತಡೆಹಿಡಿಯಿರಿ. ವಾಚ್‌ಓಎಸ್ 11ರಿಂದ ಅವನ್ನು 90 ದಿನದವರೆಗೆ ನಿಲ್ಲಿಸಿಟ್ಟರೂ ಸತತ ದಿನಗಳ ದಾಖಲೆ ಮುರಿಯುವುದಿಲ್ಲ. ಅಂಕ ಬಿಟ್ಟು ಒಂದೇ ಲೆಕ್ಕ ನೋಡಿ, 24 ಗಂಟೆಯಲ್ಲಿ ಕೂಡಿದ ಒಟ್ಟು ನಿದ್ದೆ. ಆ್ಯಪ್ ಕೈಬಿಟ್ಟ ಜೊಂಪನ್ನು ಕೈಯಿಂದ ಸೇರಿಸಿ. ಮನೆಯಲ್ಲಿ ಇನ್ನೊಬ್ಬರಿದ್ದರೆ ಪಾಳಿ ಹಂಚಿಕೊಳ್ಳಲು ಈ ಲೆಕ್ಕ ನೆರವಿಗೆ ಬರುತ್ತದೆ. ಇಬ್ಬರಿಗೂ ತಡೆಯಿಲ್ಲದ ನಾಲ್ಕೈದು ಗಂಟೆಯ ಒಂದು ತುಂಡು ಸಿಗುವಂತೆ ನೋಡಿಕೊಳ್ಳುವುದು ಮುಖ್ಯ, ಏಕೆಂದರೆ ನಿದ್ದೆಯ ಒಂದು ಸುತ್ತಿಗೇ ಸುಮಾರು 90 ನಿಮಿಷ ಬೇಕು.

ಬಸಿರಿನಲ್ಲಿ ಅಂಕ ಕುಸಿಯುವುದು ರೋಗವಲ್ಲ. ಮೈಯಲ್ಲಿ ರಕ್ತದ ಪ್ರಮಾಣವೇ ಹೆಚ್ಚುತ್ತದೆ, ಕೊನೆಯ ತಿಂಗಳುಗಳ ಹೊತ್ತಿಗೆ ವಿಶ್ರಾಂತಿಯ ಬಡಿತ ನಿಮಿಷಕ್ಕೆ 10ರಿಂದ 20ರಷ್ಟು ಏರುತ್ತದೆ. ಮುಟ್ಟಿನ ಚಕ್ರದ ಎರಡನೆಯ ಅರ್ಧದಲ್ಲೂ ಇದರದೇ ಚಿಕ್ಕ ರೂಪ ಕಾಣಬಹುದು: ಉಷ್ಣಾಂಶ 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಹೆಚ್ಚು, ಬಡಿತ ಎರಡು ಮೂರು ಹೆಚ್ಚು, ಎಚ್‌ಆರ್‌ವಿ ತುಸು ಕಡಿಮೆ. ಆ್ಯಪ್‌ನಲ್ಲಿ ಚಕ್ರದ ಲೆಕ್ಕ ದಾಖಲಿಸದಿದ್ದರೆ ತಿಂಗಳಿಗೆ ಹತ್ತು ದಿನ ವೃಥಾ ಹಳದಿ ನೋಡುತ್ತೀರಿ. ದಾಖಲಿಸಿದರೆ ಅದೇ ಸಾಧನ ಒಳ್ಳೆಯ ಜೊತೆಗಾರ. ಭಾರದ ಕೆಲಸ, ದೂರದ ಪ್ರಯಾಣವನ್ನು ಯಾವ ವಾರಕ್ಕೆ ಇಟ್ಟುಕೊಂಡರೆ ಹಗುರ ಎಂಬುದು ಮೂರು ನಾಲ್ಕು ಚಕ್ರಗಳಲ್ಲಿ ತಿಳಿಯುತ್ತದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಈ ಲಯವೇ ಕದಡುತ್ತದೆ. ರಾತ್ರಿ ಮೈ ಬಿಸಿಯೇರಿ ಬೆವರಿ ಎಚ್ಚರವಾಗುವುದು ಬಡಿತದ ನಕ್ಷೆಯಲ್ಲಿ ಮೊನಚು ಗೋಪುರಗಳಂತೆ ಕಾಣುತ್ತದೆ. ಆಗ ದಿನದ ಅಂಕಕ್ಕೆ ಬೆಲೆಯಿಲ್ಲ, ಆ ಗೋಪುರಗಳಿಗೆ ಇದೆ. ವೈದ್ಯರಿಗೆ ತೋರಿಸಲು ಎರಡು ವಾರದ ನಕ್ಷೆ ಸಾಕು.

ಪಾಳಿ ಕೆಲಸದವರಿಗೆ ನಮ್ಮ ಶಿಫಾರಸು ಅರೆಮನಸ್ಸಿನದು. ಹಗಲು ನಿದ್ದೆಯನ್ನು ಗುರುತಿಸುವುದರಲ್ಲಿ ಮಾದರಿಯಿಂದ ಮಾದರಿಗೆ ಬಹಳ ವ್ಯತ್ಯಾಸವಿದೆ, ಪಾಳಿ ಬದಲಾದ ಮೊದಲ ದಿನಗಳ ಅಂಕ ಬಹುತೇಕ ಕಸ.

ಹಿರಿಯರ ವಿಷಯದಲ್ಲಿ ಎಚ್ಚರಿಕೆ ಬೇಕು. ಹೃದಯ ಲಯ ತಪ್ಪಿ ಬಡಿಯುವ ಏಟ್ರಿಯಲ್ ಫಿಬ್ರಿಲೇಷನ್ ಇದ್ದವರಲ್ಲಿ ಬಡಿತದ ಅಂತರ ಅಡ್ಡಾದಿಡ್ಡಿಯಾಗಿರುವುದರಿಂದ ಎಚ್‌ಆರ್‌ವಿ ತೀರಾ ಮೇಲೇರಿ, ಸಾಧನ ಅದನ್ನು ಭರ್ಜರಿ ವಿಶ್ರಾಂತಿ ಎಂದು ಓದಬಹುದು. ಪೇಸ್‌ಮೇಕರ್ ಇದ್ದರೆ ಅಂಕಿಗೆ ಅರ್ಥವೇ ಇಲ್ಲ. ಬೀಟಾ ಬ್ಲಾಕರ್ ಮಾತ್ರೆ ಶುರುವಾದರೆ ಬಡಿತ ತಗ್ಗುತ್ತದೆ. ಹಳೆಯ ಕಾಗದ ಹರಿದು ಹೊಸದು ಬರೆಯಬೇಕು. ಹಾಗೆಯೇ ನಿವೃತ್ತಿಯ ನಂತರ ತೊಂದರೆ ತಲೆಕೆಳಗಾಗುತ್ತದೆ. ವಿಶ್ರಾಂತಿ ಬೇಕಾದಷ್ಟಿದೆ, ಆದರೆ ದಿನಕ್ಕೆ ಆಕಾರವಿಲ್ಲ. ಬಾಡಿ ಬ್ಯಾಟರಿ ಸಂಜೆಗೂ 70ರಲ್ಲೇ ನಿಂತಿದ್ದರೆ ಅದು ಹೊಗಳಿಕೆಯಲ್ಲ, ಖರ್ಚಾಗದೆ ಉಳಿದ ದಿನ. ಅಲ್ಲಿ ಸಾಧನದ ಕೆಲಸ ಎಬ್ಬಿಸುವುದು. ಹೆಜ್ಜೆಯ ಗುರಿಯನ್ನು ಮಾತ್ರ 10,000ದಿಂದ ಇಳಿಸಿಕೊಳ್ಳಿ. ಆ ಅಂಕಿ ಬಂದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ, ವೈದ್ಯಶಾಸ್ತ್ರದಿಂದಲ್ಲ. ಈಗ ನಡೆಯುತ್ತಿರುವುದಕ್ಕಿಂತ 1,000 ಹೆಚ್ಚು ಎಂದು ಶುರುಮಾಡಿ ತಿಂಗಳಿಗೊಮ್ಮೆ ಏರಿಸಿದರೆ ಸಾಕು.

ಇವೆಲ್ಲಕ್ಕಿಂತ ದೊಡ್ಡ ಕುರುಡು ಒಂದಿದೆ. ಮನಸ್ಸಿನ ದಣಿವು ಈ ಬೆಳಕಿಗೆ ಸರಿಯಾಗಿ ಸಿಗುವುದಿಲ್ಲ. ಎಂಟು ಗಂಟೆ ಕುಳಿತು ಲೆಕ್ಕ ತಾಳೆ ನೋಡಿದವರ, ಇಡೀ ದಿನ ಇನ್ನೊಬ್ಬರ ದೂರು ಕೇಳಿದವರ ಹೃದಯ ಶಾಂತವಾಗಿಯೇ ಬಡಿದಿರಬಹುದು. ರಾತ್ರಿ ಏಳು ಗಂಟೆ ನಿದ್ದೆಯೂ ಆಗಿರಬಹುದು. ಅಂಕ 84, ತಲೆ ಮಾತ್ರ ಮರದ ಕೊರಡು. ಇದಕ್ಕೆ ಒಂದು ಪರೀಕ್ಷೆ: 30 ದಿನ, ಆ್ಯಪ್ ತೆರೆಯುವ ಮೊದಲೇ, ಇಂದಿನ ಕಸುವು ಒಂದರಿಂದ ಐದರಲ್ಲಿ ಎಷ್ಟು ಎಂದು ನೀವೇ ಬರೆಯಿರಿ. ಕ್ರಮ ಮುಖ್ಯ, ಅಂಕ ನೋಡಿದ ಮೇಲೆ ಬರೆದರೆ ಮನಸ್ಸು ಅದಕ್ಕೆ ತಕ್ಕಂತೆ ಕುಣಿಯುತ್ತದೆ. ತಿಂಗಳ ಕೊನೆಗೆ ಎರಡನ್ನೂ ಪಕ್ಕಪಕ್ಕ ಇಡಿ. ಹತ್ತರಲ್ಲಿ ಏಳು ದಿನ ಎರಡೂ ಒಂದೇ ದಿಕ್ಕಿಗಿದ್ದರೆ ನಿಮ್ಮ ದಣಿವು ಬಹುಪಾಲು ಮೈಯದು, ಸಾಧನ ನಿಮಗೆ ಹೊಂದುತ್ತದೆ. ಅರ್ಧಕ್ಕರ್ಧ ಬೇರೆಯಾದರೆ ನಿಮಗೆ ಬೇಕಾದ್ದು ಬೇರೆ ಬಗೆಯ ಬಿಡುವು, ಬೇರೆ ಬಗೆಯ ಉಂಗುರವಲ್ಲ.

ಅಂಕ ಕಡಿಮೆ ಬಂದ ದಿನ ಏನು ಮಾಡಬೇಕು ಎಂಬುದಕ್ಕೆ ಆ್ಯಪ್‌ಗಳ ಉತ್ತರ ಬಡವಾಗಿದೆ: ‘ಆರಾಮವಾಗಿರಿ’. ಕೆಲಸ ಇರುವವರಿಗೆ ಇದು ಹಾಸ್ಯ. ಮಾಡಬಹುದಾದ್ದು ಇಷ್ಟು: ತಲೆ ಬೇಡುವ ಒಂದು ಕೆಲಸವನ್ನು ನಿಮ್ಮ ಚುರುಕಿನ ಹೊತ್ತಿಗೆ ಇಟ್ಟು, ಉಳಿದ ಹೊತ್ತಿಗೆ ಯಾಂತ್ರಿಕ ಕೆಲಸ ಸರಿಸುವುದು, ಓಟದ ಬದಲು ನಡಿಗೆ, ಮಧ್ಯಾಹ್ನ 20 ನಿಮಿಷದೊಳಗೆ ಮುಗಿಯುವ ಜೊಂಪು (ಅದಕ್ಕಿಂತ ಉದ್ದವಾದರೆ ಗಾಢ ನಿದ್ದೆಗಿಳಿದು ಎದ್ದಾಗ ತಲೆ ಭಾರವಾಗುತ್ತದೆ), ಕಾಫಿ ಬೇಕೇ ಬೇಕೆಂದರೆ ಮಧ್ಯಾಹ್ನಕ್ಕೇ ಮುಗಿಸುವುದು, ಏಕೆಂದರೆ ಕುಡಿದ ಕೆಫೀನಿನ ಅರ್ಧ ಪಾಲು ಸುಮಾರು ಐದು ಗಂಟೆಯ ನಂತರವೂ ಮೈಯಲ್ಲೇ ಇರುತ್ತದೆ, ರಾತ್ರಿ ಅರ್ಧ ಗಂಟೆ ಬೇಗ ಹಾಸಿಗೆ. ಎರಡು ಗಂಟೆ ಬೇಗ ಮಲಗಲು ಹೋದರೆ ನಿದ್ದೆ ಬಾರದೆ ಹೊರಳಾಡುವುದೇ ಆಗುತ್ತದೆ.

ದೂರುಗಳ ಪಟ್ಟಿಯೂ ಇದೆ. ಔರಾ, ವೂಪ್‌ಗಳಿಗೆ ಚಂದಾ ಕಟ್ಟುತ್ತಲೇ ಇರಬೇಕು, ನಿಲ್ಲಿಸಿದರೆ ಹೆಚ್ಚಿನ ವಿವರ ಮುಚ್ಚಿಹೋಗುತ್ತದೆ. ಬಾಡಿ ಬ್ಯಾಟರಿಗೂ ವೈಟಲ್ಸ್‌ಗೂ ಚಂದಾ ಇಲ್ಲ. ವರ್ಷಗಟ್ಟಲೆ ಲೆಕ್ಕ ಇಡುವುದೇ ಉದ್ದೇಶವಾದ್ದರಿಂದ ಇದು ಸಣ್ಣ ಮಾತಲ್ಲ. ಸಾಫ್ಟ್‌ವೇರ್ ಅಪ್‌ಡೇಟ್ ಬಂದಾಗ ಲೆಕ್ಕದ ಸೂತ್ರ ಬದಲಾಗಿ, ನಿನ್ನೆಯ 78 ಇಂದಿನ 78 ಆಗಿರದೆ ಹೋಗಬಹುದು. ಹಾಗಾಗಿಯೇ ಕಾಗದದ ಮೇಲೆ ಅಂಕ ಬೇಡ, ಬಡಿತ, ಎಚ್‌ಆರ್‌ವಿ ಮತ್ತು ಗಂಟೆ ಬರೆಯಿರಿ ಎಂದದ್ದು. ದಿನಕ್ಕೊಮ್ಮೆ ಚಾರ್ಜ್ ಬೇಡುವ ಗಡಿಯಾರವನ್ನು ರಾತ್ರಿ ಚಾರ್ಜ್‌ಗೆ ಹಾಕುವ ಅಭ್ಯಾಸವಿದ್ದರೆ ನಿದ್ದೆಯ ಲೆಕ್ಕವೇ ಇಲ್ಲ. ಸ್ನಾನಕ್ಕೆ ಹೋಗುವಾಗ, ಊಟಕ್ಕೆ ಕೂತಾಗ ಸಿಕ್ಕಿಸಿಡುವುದು ಸುಲಭದ ದಾರಿ. ಇನ್ನು ನಿದ್ದೆಯ ಅಂಕದ ಚಿಂತೆಯಿಂದಲೇ ನಿದ್ದೆ ಕೆಡುವುದಕ್ಕೆ 2017ರಿಂದ ‘ಆರ್ಥೊಸೋಮ್ನಿಯಾ’ ಎಂಬ ಹೆಸರೂ ಇದೆ. ಎದ್ದಾಗ ಲವಲವಿಕೆಯಿದ್ದು, ಅಂಕ ನೋಡಿದ ಮೇಲೆ ಸುಸ್ತಾಗುತ್ತಿದ್ದರೆ ಎರಡು ವಾರ ಸಾಧನವನ್ನು ಬೀರುವಿನಲ್ಲಿಡಿ. ಮೊದಲೇ ನಿದ್ರಾಹೀನತೆ ಅಥವಾ ಆರೋಗ್ಯದ ಬಗ್ಗೆ ಅತಿಯಾದ ಆತಂಕ ಇರುವವರು ಕೊಳ್ಳದಿರುವುದೇ ಸರಿ.

ಕೊಳ್ಳುವವರು ಹಿಂದಿರುಗಿಸುವ ಅವಧಿ ಎಷ್ಟು ದಿನ ಎಂದು ಮೊದಲು ವಿಚಾರಿಸಿ. ಹೋಲಿಕೆಯ ಸರಾಸರಿ ಕಟ್ಟಿಕೊಳ್ಳಲೇ ಎರಡು ಮೂರು ವಾರ ಬೇಕಾದ ಸಾಧನವನ್ನು ಹತ್ತು ದಿನದಲ್ಲಿ ಪರೀಕ್ಷಿಸಲಾಗದು. ಅವಧಿ ಚಿಕ್ಕದಿದ್ದರೆ ಆ ದಿನಗಳಲ್ಲಿ ಅಂಕ ನೋಡುವ ಗೋಜಿಗೆ ಹೋಗದೆ ಬೇರೆ ಮೂರು ಸಂಗತಿ ನೋಡಿ: ರಾತ್ರಿಯ ನಕ್ಷೆಯಲ್ಲಿ ಖಾಲಿ ಜಾಗ ಬೀಳುತ್ತಿದೆಯೇ, ಚರ್ಮ ತಡೆದುಕೊಳ್ಳುತ್ತಿದೆಯೇ, ಬ್ಯಾಟರಿ ಹೇಳಿದಷ್ಟು ದಿನ ಬರುತ್ತಿದೆಯೇ. ಮೂರರಲ್ಲಿ ಎರಡು ಕೆಟ್ಟಿದ್ದರೆ ವಾಪಸು ಕಳಿಸಿ.